ಪೆಟ್ಟು ಬೀಳದ ಜಾಗ

ತಕಿಟ ತಕಿಟ ತಕಧಿಮಿ ತಕ ತಕಧಿಮಿ.

ಇದನ್ನು ಒಂದೇ ಲಯದಲ್ಲಿ ಹೇಳಿಕೊಳ್ಳುತ್ತ, ಪ್ರತಿ ಸೊಲ್ಲಿನ ಮೊದಲ ಅಕ್ಷರಕ್ಕೆ ಮಾತ್ರ ತೊಡೆಯ ಮೇಲೆ ಒಂದು ಪೆಟ್ಟು ಹಾಕಿ ನೋಡಿ. ಮೂರು, ಮೂರು, ನಾಲ್ಕು, ಎರಡು, ನಾಲ್ಕು. ಒಟ್ಟು 16 ಮಾತ್ರೆ, ಬೀಳುವುದು ಐದೇ ಪೆಟ್ಟು. ಆದಿತಾಳದ ಎಂಟು ಅಕ್ಷರಗಳಿಗೆ ತಲಾ ಎರಡು ಮಾತ್ರೆ ಇಟ್ಟುಕೊಂಡರೆ ಒಂದು ಆವರ್ತಕ್ಕೆ ಸರಿಯಾಗಿ ಕೂರುತ್ತದೆ. ಮೊದಲರ್ಧದಲ್ಲಿ ಮೂರು ಪೆಟ್ಟು, ಎರಡನೆಯ ಅರ್ಧದಲ್ಲಿ ಎರಡು. ಹತ್ತಾರು ಸುತ್ತು ಆದ ಮೇಲೆ ಬಾಯಿ ನಿಲ್ಲಿಸಿ ಕೈಯನ್ನಷ್ಟೇ ಮುಂದುವರಿಸಿ. ಆಗ ಒಂದು ವಿಷಯ ಗಮನಕ್ಕೆ ಬರುತ್ತದೆ: ಎರಡನೆಯ ಅರ್ಧ ಶುರುವಾಗುವಲ್ಲಿ, ನಾವು ಆದಿತಾಳದಲ್ಲಿ ದ್ರುತದ ತಟ್ಟು ಹಾಕುವ ಜಾಗದಲ್ಲಿ, ಏನೂ ಇಲ್ಲ. ಕಿವಿ ಕಾದು ಕೂತಿರುತ್ತದೆ, ಪೆಟ್ಟು ಬೀಳುವುದಿಲ್ಲ. ಆ ಒಂದು ಖಾಲಿ ಜಾಗಕ್ಕಾಗಿ ಮೈ ತಾನಾಗಿ ಒಂದು ಕಡೆಗೆ ವಾಲುತ್ತದೆ.

ಕ್ಯೂಬಾದವರು ಇದಕ್ಕೆ ಕ್ಲಾವೆ ಎನ್ನುತ್ತಾರೆ. ಸ್ಪ್ಯಾನಿಶ್‌ನಲ್ಲಿ ಆ ಪದಕ್ಕೆ ಕೀಲಿ ಎಂಬ ಅರ್ಥವೂ ಇದೆ. ಗೇಣುದ್ದದ ಎರಡು ಗಟ್ಟಿಮರದ ಕೋಲುಗಳನ್ನು ಒಂದಕ್ಕೊಂದು ತಾಗಿಸಿ ಈ ಐದು ಪೆಟ್ಟು ಹಾಕುತ್ತಾರೆ. ಕೆಲವು ಹಾಡುಗಳಲ್ಲಿ ಎರಡು ಪೆಟ್ಟಿನ ಭಾಗ ಮೊದಲು ಬಂದು ಮೂರರದು ಆಮೇಲೆ ಬರುತ್ತದೆ. ಕೋಲುಗಳೇ ಇಲ್ಲದ ಹಾಡಿನಲ್ಲೂ ಬಾಸ್, ಪಿಯಾನೊ, ಚರ್ಮವಾದ್ಯಗಳು, ಹಾಡುವವರು ನುಡಿಯನ್ನು ಒಡೆಯುವ ರೀತಿ ಎಲ್ಲವೂ ಈ ಕಾಣದ ಕೀಲಿಗೆ ಹೊಂದಿಕೊಂಡಿರುತ್ತವೆ. ಗುಲಾಮಗಿರಿಯಲ್ಲಿ ಕ್ಯೂಬಾಕ್ಕೆ ಸಾಗಿಸಲ್ಪಟ್ಟ ಆಫ್ರಿಕಾದ ಜನ ತಮ್ಮೊಂದಿಗೆ ಹೊತ್ತು ತಂದ ಲಯದಲ್ಲಿ ಇದರ ಬೇರುಗಳಿವೆ.

ಇದು ನನಗೆ ತಿಳಿದದ್ದು ತುಂಬ ತಡವಾಗಿ. ಶಿವಮೊಗ್ಗದಲ್ಲಿ ಎಂಟು ವರ್ಷ ಮೃದಂಗ ಕಲಿತು, 1994ರಲ್ಲಿ ಓದಲೆಂದು ಬೆಂಗಳೂರಿಗೆ ಬಂದಾಗ ನನ್ನ ಪಾಲಿಗೆ ಪಾಶ್ಚಾತ್ಯ ಸಂಗೀತವೆಂದರೆ ಒಂದೇ ಸಮನೆ ಬೀಳುವ ಡ್ರಮ್ಮಿನ ಗುದ್ದು. ಹಾಸ್ಟೆಲಿನ ಗೆಳೆಯನೊಬ್ಬನ ಬಳಿ 90 ನಿಮಿಷದ ಒಂದು ಕ್ಯಾಸೆಟ್ ಇತ್ತು. ಅಂಗಡಿಯದಲ್ಲ, ಯಾರದೋ ರೆಕಾರ್ಡುಗಳಿಂದ ತುಂಬಿಸಿಕೊಂಡದ್ದು. ಲೇಬಲ್ಲಿನ ಒಂದು ಬದಿಗೆ ನೀಲಿ ಬಾಲ್‌ಪೆನ್ನಿನಲ್ಲಿ ‘ಅಬ್ರಾಕ್ಸಸ್’, ಇನ್ನೊಂದು ಬದಿಗೆ ‘ಕ್ಯಾರವಾನ್‌ಸರಾಯ್’ ಎಂದು ಬರೆದಿತ್ತು. ಎರಡೂ ಸಂಟಾನಾ ಎಂಬ ಅಮೆರಿಕದ ರಾಕ್ ತಂಡದ ಆಲ್ಬಮ್ಮುಗಳು. ‘ಅಬ್ರಾಕ್ಸಸ್’ 37 ನಿಮಿಷಕ್ಕೆ ಮುಗಿಯುತ್ತದೆ. ಆ ಬದಿಯ ಉಳಿದ ಎಂಟು ನಿಮಿಷ ಬರೀ ಟೇಪಿನ ಸುಯ್ಯೆನ್ನುವ ಸದ್ದು. ‘ಕ್ಯಾರವಾನ್‌ಸರಾಯ್’ ಇರುವುದು 51 ನಿಮಿಷ. 45 ನಿಮಿಷದ ಬದಿಯಲ್ಲಿ ಅದು ಹಿಡಿಸುವುದಿಲ್ಲ. ಒಂಬತ್ತು ನಿಮಿಷದ ಕೊನೆಯ ರಚನೆ ಇನ್ನೇನು ಕಟ್ಟು ಒಡೆದು ನುಗ್ಗಬೇಕು ಎನ್ನುವ ಹೊತ್ತಿಗೆ ಟಕ್ ಎಂದು ಪ್ಲೇಯರಿನ ಗುಂಡಿ ಮೇಲೇಳುತ್ತಿತ್ತು. ಆಮೇಲೆ ಏನಾಗುತ್ತದೆ ಎಂಬುದು ಎಂಟು ವರ್ಷ ನನಗೆ ಗೊತ್ತಿರಲಿಲ್ಲ.

ಮೊದಲ ಸಲ ಕೇಳಿದ್ದು ಒಂದು ಭಾನುವಾರ ಮಧ್ಯಾಹ್ನ. ‘ಅಬ್ರಾಕ್ಸಸ್’ ಹಾಡಿನಿಂದ ಶುರುವಾಗುವುದೇ ಇಲ್ಲ. ಗಾಳಿಗೆ ತೂಗುವ ಗಂಟೆಗಳ ಕಿಣಿಕಿಣಿ, ಪಿಯಾನೊದ ಒಂದೆರಡು ತುಣುಕು, ದೂರದಿಂದ ಬಂದು ದೂರಕ್ಕೇ ಹೋಗುವ ಗಿಟಾರಿನ ನಿಟ್ಟುಸಿರು, ಕೆಳಗೆ ಮೆಲ್ಲನೆ ಕಾಂಗಾ, ಅಂಗೈಯಿಂದ ಬಾರಿಸುವ ಎತ್ತರದ ಚರ್ಮವಾದ್ಯ. ಐದು ನಿಮಿಷದ ಹತ್ತಿರ ಹೀಗೆಯೇ ನಡೆಯುತ್ತದೆ. ಕಾಂಗಾ ಬಾರಿಸುವ ಮೈಕಲ್ ಕಾರಬೆಲ್ಲೊ ಮಾಡಿದ ರಚನೆ ಇದು. ರಾಕ್ ತಂಡವೊಂದು ತನ್ನ ಎರಡನೆಯ ಆಲ್ಬಮ್ಮಿನ ಬಾಗಿಲನ್ನು ಹೀಗೆ ತೆರೆಯುವುದಕ್ಕೆ ಬಹಳ ಧೈರ್ಯ ಬೇಕು. ನನಗೆ ಮಾತ್ರ ಅದು ಅಪರಿಚಿತ ಅನ್ನಿಸಲಿಲ್ಲ. ಕಚೇರಿಗೆ ಮುಂಚೆ ತಂಬೂರಿಯ ಶ್ರುತಿ ಕೂಡುತ್ತ, ಮೃದಂಗದ ಮುಚ್ಚಿಗೆಯನ್ನು ಸಣ್ಣ ಕಲ್ಲಿನಿಂದ ತಟ್ಟಿ ಸರಿಮಾಡಿಕೊಳ್ಳುತ್ತ ಹೋಗುವ ಹೊತ್ತು ಇದೆಯಲ್ಲ, ಕೇಳುವವರ ಕಿವಿ ಕಚೇರಿಗೆ ಹದವಾಗುವುದು ಆಗಲೇ.

ಅದರ ಬೆನ್ನಿಗೇ ‘ಬ್ಲ್ಯಾಕ್ ಮ್ಯಾಜಿಕ್ ವುಮನ್’. ಈ ಹಾಡಿನ ವಂಶಾವಳಿಯನ್ನು ಬಿಡಿಸುತ್ತ ಹೋದರೆ ಆಲ್ಬಮ್ಮಿನ ಸ್ವಭಾವವೇ ಬಿಚ್ಚಿಕೊಳ್ಳುತ್ತದೆ. ಬರೆದದ್ದು ಲಂಡನ್ನಿನ ಪೀಟರ್ ಗ್ರೀನ್, ತಮ್ಮ ಫ್ಲೀಟ್‌ವುಡ್ ಮ್ಯಾಕ್ ತಂಡಕ್ಕಾಗಿ, 1968ರಲ್ಲಿ. ಅವರಿಗೆ ಸ್ಫೂರ್ತಿಯಾದದ್ದು ಷಿಕಾಗೋದ ಬ್ಲೂಸ್ ಗಾಯಕ ಓಟಿಸ್ ರಷ್ ಅವರ ಹಾಡು. ಸಂಟಾನಾ ತಂಡ ಅದರ ಕೆಳಗೆ ಕಾಂಗಾವನ್ನೂ ಟಿಂಬಾಲೆ ಎಂಬ ಲೋಹದ ಮೈಯ ಜೋಡಿ ಡ್ರಮ್ಮನ್ನೂ ಹರಡಿತು. ಹಾಡು ಮುಗಿಯುವ ಹೊತ್ತಿಗೆ ಲಯ ಚುರುಕಾಗಿ ‘ಜಿಪ್ಸಿ ಕ್ವೀನ್’ ಎಂಬ ಇನ್ನೊಂದು ರಚನೆಯೊಳಕ್ಕೆ ಜಾರುತ್ತದೆ. ಅದು 1956ರ ದಂಗೆಯ ವೇಳೆ ಹಂಗೆರಿಯನ್ನು ತೊರೆದು ಅಮೆರಿಕ ಸೇರಿದ ಜಾಝ್ ಗಿಟಾರ್ ವಾದಕ ಗಾಬೋರ್ ಸಾಬೊ ಅವರದು. ಷಿಕಾಗೊ, ಲಂಡನ್, ಹಂಗೆರಿ, ಕ್ಯೂಬಾ. ಇಷ್ಟನ್ನೂ ಹೊತ್ತು ನುಡಿಸಿದ ಗಿಟಾರ್ ವಾದಕ ಮೆಕ್ಸಿಕೊದವರು. ಇದ್ಯಾವುದೂ ತಿಳಿಯದೆ ಕೇಳಿದರೂ ಎಲ್ಲಿಯೂ ಹೊಲಿಗೆ ಕಾಣುವುದಿಲ್ಲ.

ಕಾರ್ಲೊಸ್ ಸಂಟಾನಾ ಹುಟ್ಟಿದ್ದು 1947ರಲ್ಲಿ, ಮೆಕ್ಸಿಕೊದ ಹಲಿಸ್ಕೊ ರಾಜ್ಯದ ಔಟ್ಲಾನ್ ಎಂಬ ಊರಿನಲ್ಲಿ. ತಂದೆ ಹೊಸೆ, ಮರಿಯಾಚಿ ತಂಡಗಳಲ್ಲಿ ಪಿಟೀಲು ನುಡಿಸುತ್ತಿದ್ದವರು. ಮಗನ ಕೈಗೂ ಮೊದಲು ಬಂದದ್ದು ಪಿಟೀಲೇ. ಸಂಸಾರ ಗಡಿಯೂರು ಟಿಹುವಾನಾಕ್ಕೆ ಬಂದ ಮೇಲೆ ಹುಡುಗ ಗಿಟಾರ್ ಹಿಡಿದು ಅಲ್ಲಿನ ಕ್ಲಬ್ಬುಗಳಲ್ಲಿ ನುಡಿಸತೊಡಗಿದ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ, ಅಲ್ಲಿ ಮಿಷನ್ ಬಡಾವಣೆ, ಹೊತ್ತು ಕಳೆಯಲು ಸಂಗೀತ, ಹೊಟ್ಟೆಪಾಡಿಗೆ ಹೋಟೆಲೊಂದರಲ್ಲಿ ತಟ್ಟೆ ತೊಳೆಯುವ ಕೆಲಸ. ಅವರ ಗಿಟಾರಿನಲ್ಲಿ ಒಂದೊಂದು ಸ್ವರ ಅಷ್ಟು ಹೊತ್ತು ನಿಂತು ಉಸಿರಾಡುವುದನ್ನು ಕೇಳುವಾಗಲೆಲ್ಲ, ಕೈ ಬಿಟ್ಟ ಪಿಟೀಲಿನ ಕಮಾನು ಅವರ ಮನಸ್ಸಿನಿಂದ ಹೋಗಿಲ್ಲ ಅನ್ನಿಸುತ್ತದೆ. ತಂತಿಯನ್ನು ಮೀಟಿ ಬಿಡುವವರ ಸ್ವರ ಹಾಗೆ ಇರುವುದಿಲ್ಲ.

ತಂಡ ಕೂಡಿದ ರೀತಿಯೂ ಹೇಳಬೇಕಾದದ್ದೇ. 1966ರಲ್ಲಿ ಸಂಟಾನಾ ಬ್ಲೂಸ್ ಬ್ಯಾಂಡ್ ಎಂಬ ಹೆಸರಿನಲ್ಲಿ ಶುರುವಾದಾಗ ಅದು ಇನ್ನೂ ಬ್ಲೂಸ್ ತಂಡವೇ. ಸ್ಯಾನ್ ಫ್ರಾನ್ಸಿಸ್ಕೋದ ಕಡಲಂಚಿನಲ್ಲಿ ಅಕ್ವಾಟಿಕ್ ಪಾರ್ಕ್ ಎಂಬಲ್ಲಿ ಕಾಂಗಾ ಬಾರಿಸುವವರು ಗುಂಪುಗೂಡಿ ಗಂಟೆಗಟ್ಟಲೆ ಬಾರಿಸುತ್ತಿದ್ದರು. ಆ ಸದ್ದು ಈ ಹುಡುಗರ ಕಿವಿಗೆ ಬಿದ್ದ ಮೇಲೆ ತಂಡದ ಬುನಾದಿಯೇ ಬದಲಾಯಿತು. 1969ರ ಹೊತ್ತಿಗೆ ನಿಂತ ತಂಡ ಇದು: ಹ್ಯಾಮಂಡ್ ಆರ್ಗನ್ ಮತ್ತು ಗಾಯನಕ್ಕೆ ಗ್ರೆಗ್ ರೋಲಿ, ಬಾಸ್‌ಗೆ ಡೇವಿಡ್ ಬ್ರೌನ್, ಡ್ರಮ್ಸ್‌ಗೆ ಮೈಕಲ್ ಶ್ರೀವ್, ಕಾಂಗಾಕ್ಕೆ ಕಾರಬೆಲ್ಲೊ, ಟಿಂಬಾಲೆಗೆ ನಿಕರಾಗುವದ ಹೊಸೆ ‘ಚೆಪಿತೊ’ ಅರೆಯಾಸ್. ಆರು ಜನರಲ್ಲಿ ಮೂವರು ತಾಳವಾದ್ಯದವರು. ಅರ್ಧ ತಂಡವೇ ಲಯಕ್ಕೆ ಮೀಸಲು.

ಆ ಊರಿನ ಗಾಳಿಯೂ ಹಾಗಿತ್ತು. ಬಿಲ್ ಗ್ರಹಾಂ ನಡೆಸುತ್ತಿದ್ದ ಫಿಲ್ಮೋರ್ ಸಭಾಂಗಣದಲ್ಲಿ ಒಂದೇ ರಾತ್ರಿ ಬ್ಲೂಸ್, ರಾಕ್, ಜಾಝ್ ಮೂರೂ ಒಂದೇ ವೇದಿಕೆಗೆ ಬರುತ್ತಿದ್ದವು. 1970ರ ಏಪ್ರಿಲ್‌ನಲ್ಲಿ ಮೈಲ್ಸ್ ಡೇವಿಸ್ ಅವರಂತಹ ಜಾಝ್ ದಿಗ್ಗಜ ಫಿಲ್ಮೋರ್ ವೆಸ್ಟ್‌ನಲ್ಲಿ ಗ್ರೇಟ್‌ಫುಲ್ ಡೆಡ್ ಎಂಬ ಸೈಕೆಡೆಲಿಕ್ ರಾಕ್ ತಂಡಕ್ಕಿಂತ ಮುಂಚೆ ನುಡಿಸಿದರು. ಅದೇ ವಸಂತದಲ್ಲಿ ಅದೇ ಊರಿನ ವಾಲಿ ಹೈಡರ್ ಸ್ಟುಡಿಯೋದಲ್ಲಿ ‘ಅಬ್ರಾಕ್ಸಸ್’ ಮುದ್ರಣವಾಗುತ್ತಿತ್ತು. ಸೈಕೆಡೆಲಿಕ್ ಎಂಬ ಮಾತಿಗೆ ಮಾದಕ ಪದಾರ್ಥದ ವಾಸನೆ ಇದೆ, ಅದು ಸುಳ್ಳಲ್ಲ. ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ನುಡಿಸುವಾಗ ಅಂಥದೇ ಅಮಲಿನಲ್ಲಿದ್ದೆ, ಗಿಟಾರಿನ ಕತ್ತು ಹಾವಿನಂತೆ ಹೊರಳುತ್ತಿತ್ತು ಎಂದು ಸಂಟಾನಾ ಅವರೇ ಹೇಳಿಕೊಂಡಿದ್ದಾರೆ. ಆದರೆ ಸಂಗೀತದೊಳಗೆ ಆ ಮಾತಿನ ಅರ್ಥ ಬೇರೆ: ಕಾಲವನ್ನು ಹಿಗ್ಗಿಸುವುದು, ಸದ್ದಿನ ಸುತ್ತ ಗಾಳಿ ಆಡುವಷ್ಟು ಜಾಗ ಬಿಡುವುದು, ಹಾಡು ಎಲ್ಲಿ ಮುಗಿಯಿತು ಎಂದು ತಿಳಿಯದಂತೆ ಇನ್ನೊಂದಕ್ಕೆ ದಾಟಿಸುವುದು.

ವುಡ್‌ಸ್ಟಾಕ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದರ ಕಥೆ ಎಲ್ಲೆಡೆ ಸಿಗುತ್ತದೆ. 1969ರ ಆಗಸ್ಟ್ 16ರಂದು ಅವರು ವೇದಿಕೆ ಹತ್ತಿದಾಗ ಮೊದಲ ಆಲ್ಬಮ್ ಕೂಡ ಕೇಳುಗರ ಕೈಗೆ ಸರಿಯಾಗಿ ಸೇರಿರಲಿಲ್ಲ, ಶ್ರೀವ್ ಅವರಿಗೆ ಆಗಷ್ಟೇ 20 ತುಂಬಿತ್ತು, ಅವರ ಡ್ರಮ್ ವಾದನವನ್ನು ಮುಂದಿನ ವರ್ಷ ಬಂದ ಚಲನಚಿತ್ರ ಜಗತ್ತಿಗೆಲ್ಲ ತೋರಿಸಿತು. ಇಷ್ಟು ಸಾಕು.

ನನ್ನ ಮನಸ್ಸು ನಿಲ್ಲುವುದು ‘ಓಯೆ ಕೋಮೊ ವಾ’ ಹತ್ತಿರ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಪೋರ್ಟೊರಿಕೊ ಮೂಲದ ಮನೆಯಲ್ಲಿ ಹುಟ್ಟಿದ ಟೀಟೊ ಪುಯೆಂತೆ ಇದನ್ನು 1960ರ ದಶಕದ ಆರಂಭದಲ್ಲಿ ಮುದ್ರಿಸಿದ್ದರು, ಕೊಳಲು ಮತ್ತು ಹಿತ್ತಾಳೆ ವಾದ್ಯಗಳ ಜೊತೆ. ಕುಣಿಯುವವರಿಗಾಗಿ ಮಾಡಿದ ಚಾ-ಚಾ-ಚಾ. ಅದರ ಬಾಸ್ ನಡೆಗೆ ಕ್ಯೂಬಾದ ‘ಕಚಾವೊ’ ಎಂದೇ ಹೆಸರಾದ ಇಸ್ರಾಯೆಲ್ ಲೋಪೆಸ್ ಅವರ ಇನ್ನೂ ಹಳೆಯ ರಚನೆಯೊಂದು ಮೂಲ. ಸಂಟಾನಾ ತಂಡ ಕೊಳಲಿನ ಸಾಲನ್ನು ಗಿಟಾರಿಗೆ ಕೊಟ್ಟಿತು, ಹಿತ್ತಾಳೆಯ ಜಾಗವನ್ನು ಆರ್ಗನ್‌ಗೆ ಕೊಟ್ಟಿತು. ಉಳಿದದ್ದನ್ನು ಹೆಚ್ಚು ಮುಟ್ಟಲಿಲ್ಲ. ಹಾಡಿನ ಮಾತು ಎರಡೇ ಸಾಲು, ನನ್ನ ಲಯ ಹೇಗಿದೆ ಕೇಳು ಎನ್ನುವಷ್ಟು. ಪುಯೆಂತೆ ಅವರಿಗೆ ಮೊದಲು ಇದು ಅಷ್ಟಾಗಿ ಹಿಡಿಸಿರಲಿಲ್ಲವಂತೆ. ಹಕ್ಕುಧನದ ಚೆಕ್ ಬಂದ ಮೇಲೆ ಮನಸ್ಸು ಬದಲಾಯಿತು ಎಂದು ಅವರು ನಗುತ್ತ ಹೇಳುತ್ತಿದ್ದರು. ಮುಂದೆ ತಮ್ಮ ಕಚೇರಿಗಳಲ್ಲೂ ಅದನ್ನು ನುಡಿಸುತ್ತಲೇ ಬಂದರು.

ಇಡೀ ಹಾಡು ಎರಡು ಸ್ವರಮೇಳಗಳ ನಡುವೆ ತೂಗುತ್ತದೆ, ಬೇರೆಲ್ಲಿಗೂ ಹೋಗುವುದಿಲ್ಲ. ಗಿಟಾರ್ ಬಳಸುವ ಸ್ವರಗಳನ್ನು ಒಂದು ಸಂಜೆ ಹಾರ್ಮೋನಿಯಮ್ಮಿನ ಮೇಲೆ ಹುಡುಕಿ ಜೋಡಿಸಿದಾಗ ಎದುರಿಗೆ ಬಂದದ್ದು ನಮ್ಮ ಖರಹರಪ್ರಿಯ ಮೇಳದ ಏಳು ಸ್ವರ. ಇದರಿಂದ ಅದು ಖರಹರಪ್ರಿಯ ರಾಗವಾಗುವುದಿಲ್ಲ, ಗಮಕವಿಲ್ಲದೆ ರಾಗವಿಲ್ಲ ಎಂದು ನನ್ನ ಜೊತೆಯವರು ವಾದಿಸಿದರು. ಅದು ನಿಜವೂ ಹೌದು. ಆದರೂ ಒಂದೇ ಸ್ವರಸಮೂಹದೊಳಗೆ ನಾಲ್ಕು ನಿಮಿಷ ಅಲುಗಾಡದೆ ಕೂತು, ಒಳಗೇ ಅರಳುತ್ತ ಹೋಗುವ ಆ ತಾಳ್ಮೆ ರಾಗ ಕೇಳಿ ಬೆಳೆದವರಿಗೆ ತಟ್ಟನೆ ಪರಿಚಯದ್ದೆನಿಸುತ್ತದೆ.

ಆ ರಜೆಯಲ್ಲಿ ಕ್ಯಾಸೆಟ್ಟನ್ನು ಎರವಲು ತೆಗೆದುಕೊಂಡು ಶಿವಮೊಗ್ಗಕ್ಕೆ ಹೋದೆ, ನನ್ನ ಮೃದಂಗದ ಮೇಷ್ಟ್ರಿಗೆ ಕೇಳಿಸಬೇಕು ಎಂದು. ಮೇಷ್ಟ್ರು ಸಿನಿಮಾ ಹಾಡನ್ನೂ ಮನೆಯೊಳಗೆ ಬಿಟ್ಟುಕೊಂಡವರಲ್ಲ. ನಡುಮನೆಯ ಚಾಪೆಯ ಮೇಲೆ ಟೇಪ್‌ರೆಕಾರ್ಡರ್ ಇಟ್ಟು ‘ಓಯೆ ಕೋಮೊ ವಾ’ ಹಾಕಿದೆ. ಅವರು ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಒಂದು ನಿಮಿಷವಾದ ಮೇಲೆ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು.

“ಎಷ್ಟು ಜನ ಬಾರಿಸುತ್ತಿದ್ದಾರೆ?”

“ಮೂವರು, ಮೇಷ್ಟ್ರೇ.”

“ಮೂವರಾ? ಒಬ್ಬರ ಮೇಲೊಬ್ಬರು ಬೀಳುತ್ತಿಲ್ಲವಲ್ಲ.”

ಇನ್ನೊಮ್ಮೆ ಹಾಕಿಸಿದರು. ಈ ಸಲ ಕಣ್ಣು ಮುಚ್ಚಿಕೊಂಡರು. “ಅದೇನು ಗರಗರ ಎನ್ನುವುದು, ಹಿಂದಿನಿಂದ?” ಎಂದು ಕೇಳಿದರು. ಆಗ ನನಗೂ ಗೊತ್ತಿರಲಿಲ್ಲ. ಅದು ಗುಯಿರೊ. ಒಣಗಿಸಿದ ಬುರುಡೆಯ ಮೈಮೇಲೆ ಅಡ್ಡಗೆರೆ ಕೊರೆದು, ಕಡ್ಡಿಯಿಂದ ಗೀರಿ ನುಡಿಸುವ ವಾದ್ಯ. ಒಂದು ಉದ್ದನೆಯ ಗೀರು, ಎರಡು ಗಿಡ್ಡ ಗೀರು. ಆ ಉದ್ದನೆಯ ಗೀರು ಎಳೆಯುತ್ತಿರುವಷ್ಟು ಹೊತ್ತು ಕಾಂಗಾ ಸುಮ್ಮನಿರುತ್ತದೆ. ಕಾಂಗಾ ಮಾತಾಡುವಾಗ ಟಿಂಬಾಲೆ ಬರೀ ಲೋಹದ ಅಂಚನ್ನು ಟಿಕಿಟಿಕಿ ಎನಿಸಿಕೊಂಡಿರುತ್ತದೆ. ಸಾಲು ಮುಗಿಯುವಲ್ಲಿ ಮಾತ್ರ ಚೆಪಿತೊ ಒಂದು ಉರುಳಿಕೆ ಹಾಕಿ ಮುಕ್ತಾಯ ಕೊಡುತ್ತಾರೆ, ಮತ್ತೆ ಹಿಂದೆ ಸರಿಯುತ್ತಾರೆ. ಮೇಷ್ಟ್ರು ಇವನ್ನು ವಾದ್ಯದ ಹೆಸರು ತಿಳಿಯದೆಯೇ ಒಂದೊಂದಾಗಿ ಬಿಡಿಸಿ ತೋರಿಸಿದರು. ಕಚೇರಿಯಲ್ಲಿ ತಾಳವಾದ್ಯಗಳಿಗೇ ಮೀಸಲಾದ ತನಿ ಆವರ್ತನದಲ್ಲಿ ಮೃದಂಗದವರು ನುಡಿಸಿ ಘಟದವರಿಗೆ ಬಿಟ್ಟುಕೊಡುವ ಕ್ಷಣ ಇದೆಯಲ್ಲ, ಆ ಶಿಸ್ತು ಇಲ್ಲಿ ಹಾಡಿನುದ್ದಕ್ಕೂ ಇದೆ ಎಂದರು. ನನ್ನ ಪಾಠದಲ್ಲಿ ಅವರು ಅತಿ ಹೆಚ್ಚು ಬೈದದ್ದು ಕಾರ್ವೆಗಾಗಿ. ಸೊಲ್ಲು ಸೊಲ್ಲಿನ ನಡುವೆ ಬಿಡಬೇಕಾದ ಜಾಗವನ್ನು ನಾನು ತಾಳಲಾರದೆ ತುಂಬಿಬಿಡುತ್ತಿದ್ದೆ. ಆ ದಿನ ಅವರು ಬೈಯಲಿಲ್ಲ. “ಕೇಳಿದೆಯಾ, ಕೈ ಎತ್ತಿದ್ದು ಇಳಿಯುವುದಿಲ್ಲ ಅಲ್ಲಿ” ಎಂದರು. ಎಂಟು ವರ್ಷದ ಪಾಠ ನನ್ನ ಕಿವಿಗೆ ಇಳಿದದ್ದು ಆ ಒಂದು ಮಾತಿನಲ್ಲಿ.

ಅಂದಿನಿಂದ ಬೆಸುಗೆ ಸಂಗೀತ ಎಂದು ಯಾರೇ ಏನನ್ನೇ ಕೊಟ್ಟರೂ ನಾನು ಮೊದಲು ಹುಡುಕುವುದು ಇದನ್ನೇ. ಯಾವ ಯಾವ ಶೈಲಿ ಸೇರಿದೆ ಎಂಬ ಪಟ್ಟಿ ನನಗೆ ಮುಖ್ಯವಲ್ಲ. ಒಬ್ಬರು ಇನ್ನೊಬ್ಬರಿಗಾಗಿ ಎಲ್ಲಿ ಸುಮ್ಮನಾದರು ಎಂದು ನೋಡುತ್ತೇನೆ. ಸಂಟಾನಾ ತಂಡ ಕ್ಲಾವೆಯನ್ನು ಹವಾನಾದವರಷ್ಟು ನಿಷ್ಠೆಯಿಂದ ಪಾಲಿಸಿತು ಎಂದು ನಾನು ಹೇಳುವುದಿಲ್ಲ. ಶ್ರೀವ್ ಅವರ ಡ್ರಮ್ ಮೇಲಿಂದ ಮೇಲೆ ರಾಕ್‌ನ ನೇರವಾದ ಗುದ್ದಿಗೆ ಮರಳುತ್ತದೆ. ಆದರೆ ಖಾಲಿ ಜಾಗಕ್ಕೆ ಅಲ್ಲಿ ಕೊಡುವ ಮರ್ಯಾದೆಯನ್ನು ಅವರು ಪೂರ್ತಿಯಾಗಿ ಕಲಿತಿದ್ದರು.

ಆಲ್ಬಮ್ಮಿನಲ್ಲಿ ಎಲ್ಲವೂ ಒಂದೇ ತೂಕದ್ದಲ್ಲ. ರೋಲಿ ಬರೆದ ಎರಡು ಹಾಡುಗಳು ಆ ಕಾಲದ ಯಾವುದೇ ಗಟ್ಟಿ ರಾಕ್ ತಂಡ ಬರೆಯಬಹುದಾಗಿದ್ದವು. ಅಲ್ಲಿ ಕಾಂಗಾ ಇದ್ದೂ ಇಲ್ಲದ ಹಾಗೆ. ‘ಇನ್ಸಿಡೆಂಟ್ ಅಟ್ ನೆಶಬೂರ್’ ಮಾತ್ರ ಇನ್ನೊಂದೇ ಎತ್ತರ. ಪಿಯಾನೊ ವಾದಕ ಆಲ್ಬರ್ಟೊ ಜಾನ್‌ಕ್ವಿಂಟೊ ಜೊತೆ ಸೇರಿ ಮಾಡಿದ್ದು. ಕಿಡಿಹಾರುವ ವೇಗದಲ್ಲಿ ಓಡಿ, ನಡೆ ಬದಲಿಸಿ, ಕೊನೆಗೆ ಸುಸ್ತಾದ ಮಗು ಮಡಿಲಿಗೆ ಒರಗಿದಂತೆ ನಿಧಾನಕ್ಕೆ ಇಳಿಯುತ್ತದೆ. ‘ಸಾಂಬಾ ಪಾ ತಿ’ ಹುಟ್ಟಿದ್ದು ಹೇಗೆಂದು ಸಂಟಾನಾ ಹಲವು ಸಲ ಹೇಳಿದ್ದಾರೆ. ನ್ಯೂಯಾರ್ಕಿನಲ್ಲಿ ಕಿಟಕಿಯಿಂದ ನೋಡಿದಾಗ ಕೆಳಗೆ ಬೀದಿಯಲ್ಲಿ ಕುಡಿದ ಒಬ್ಬ ಸ್ಯಾಕ್ಸೊಫೋನ್ ವಾದಕ; ಬಾಟಲಿಯನ್ನು ತುಟಿಗಿಡಲೋ ವಾದ್ಯವನ್ನೋ ಎಂದು ತಡವರಿಸುತ್ತಿದ್ದ. ಹೆಸರಿನಲ್ಲಿ ಸಾಂಬಾ ಇದ್ದರೂ ಅದು ಬ್ರೆಜಿಲ್‌ನ ಸಾಂಬಾ ಅಲ್ಲ. ಮೊದಲರ್ಧ ಗಿಟಾರ್ ನಿಧಾನವಾಗಿ ಹಾಡುತ್ತದೆ, ಆಮೇಲೆ ಲಯ ಎಚ್ಚೆತ್ತು ಕೈಹಿಡಿಯುತ್ತದೆ. ಆ ದಾಟುವಿಕೆಯಲ್ಲಿ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಮುಖಪುಟವನ್ನು ನಾನು ನೋಡಿದ್ದು ಎಷ್ಟೋ ವರ್ಷಗಳ ಮೇಲೆ, ಬೆಂಗಳೂರಿನ ಹಳೆಯ ರೆಕಾರ್ಡುಗಳ ಅಂಗಡಿಯೊಂದರಲ್ಲಿ. ಮಾಟಿ ಕ್ಲಾರ್‌ವೈನ್ 1961ರಲ್ಲಿ ಬರೆದ ಚಿತ್ರ. ಕ್ರೈಸ್ತ ಕಥೆಯಲ್ಲಿ ದೇವದೂತ ಮೇರಿಗೆ ಶುಭವಾರ್ತೆ ಹೇಳುವ ಪ್ರಸಂಗವನ್ನು ಅವರು ಕಪ್ಪು ಮೈಯ ನಗ್ನ ಹೆಣ್ಣು, ಕೆಂಪು ರೆಕ್ಕೆಯ ದೇವತೆಯಾಗಿ ಬಿಡಿಸಿದ್ದಾರೆ. ದೇವತೆಯ ಕಾಲ ನಡುವೆ ಕಾಂಗಾ! ‘ಅಬ್ರಾಕ್ಸಸ್’ ಬಂದ 1970ರಲ್ಲೇ ಹೊರಬಂದ ಮೈಲ್ಸ್ ಡೇವಿಸ್ ಅವರ ‘ಬಿಚಸ್ ಬ್ರೂ’ ಆಲ್ಬಮ್ಮಿನ ಮುಖಪುಟವನ್ನು ಬರೆದದ್ದೂ ಇವರೇ. ಅಂಗಡಿಯಲ್ಲಿ ನಿಂತುಕೊಂಡೇ ಚಿತ್ರದ ಮೂಲೆಮೂಲೆಯನ್ನೂ ನೋಡಿದೆ. ಆರು ವರ್ಷ ನೀಲಿ ಬಾಲ್‌ಪೆನ್ನಿನ ಅಕ್ಷರಗಳನ್ನಷ್ಟೇ ನೋಡಿದ್ದವನಿಗೆ ಇಷ್ಟು ಬಣ್ಣ ಒಮ್ಮೆಗೇ ತಾಳಲಿಲ್ಲ.

1970ರ ಸೆಪ್ಟೆಂಬರ್‌ನಲ್ಲಿ ಬಂದ ‘ಅಬ್ರಾಕ್ಸಸ್’ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮರುವರ್ಷದ ಮೂರನೆಯ ಆಲ್ಬಮ್ಮೂ ಅಲ್ಲಿಗೇ ಏರಿತು. ಹದಿಹರೆಯದ ನೀಲ್ ಶಾನ್ ಎರಡನೆಯ ಗಿಟಾರ್ ಆಗಿ ಸೇರಿದ್ದರು. ಇನ್ನು ಹತ್ತು ವರ್ಷ ಇದೇ ಅಚ್ಚಿನಲ್ಲಿ ಹಾಡು ಎರಕ ಹೊಯ್ದಿದ್ದರೂ ಯಾರೂ ಬೇಡ ಎನ್ನುತ್ತಿರಲಿಲ್ಲ. ಅಷ್ಟರಲ್ಲಿ ಶ್ರೀವ್ ಅವರು ಸಂಟಾನಾಗೆ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್, ಮೈಲ್ಸ್ ಡೇವಿಸ್ ರೆಕಾರ್ಡುಗಳನ್ನು ಕೇಳಿಸುತ್ತ ಬಂದಿದ್ದರು. ತಂಡದೊಳಗೆ ಬಿರುಕು ಬಿಟ್ಟಿತು. ಕಾರಬೆಲ್ಲೊ, ಬ್ರೌನ್ ಹೊರಟುಹೋದರು. 1972ರ ಅಕ್ಟೋಬರ್‌ನಲ್ಲಿ ‘ಕ್ಯಾರವಾನ್‌ಸರಾಯ್’ ಬಂದಾಗ ಅದರ ಬಹುಪಾಲಿನಲ್ಲಿ ಹಾಡುವ ದನಿಯೇ ಇರಲಿಲ್ಲ. ಕೊಲಂಬಿಯಾ ರೆಕಾರ್ಡ್ ಕಂಪನಿಯ ಮುಖ್ಯಸ್ಥ ಕ್ಲೈವ್ ಡೇವಿಸ್, ಇದು ನಿಮ್ಮ ವೃತ್ತಿಗೆ ನೀವೇ ತಂದುಕೊಳ್ಳುವ ಸಾವು ಎಂದು ಎಚ್ಚರಿಸಿದ್ದರು. ರೇಡಿಯೋಗೆ ಕೊಡಲು ಅದರಲ್ಲಿ ಒಂದು ಹಾಡೂ ಕಾಣಿಸದಿದ್ದರೆ ಅವರ ಆತಂಕ ಸಹಜವೇ. ಸಂಟಾನಾ ಹಿಂದೆ ಸರಿಯಲಿಲ್ಲ. ಆಲ್ಬಮ್ ಎಂಟನೆಯ ಸ್ಥಾನದವರೆಗೆ ಏರಿತು. ರೋಲಿ ಮತ್ತು ಶಾನ್ ಮುಂದೆ ತಮ್ಮದೇ ‘ಜರ್ನಿ’ ತಂಡ ಕಟ್ಟಿದರು.

ಒಂಟೆಸಾಲುಗಳ ವರ್ತಕರು ರಾತ್ರಿ ತಂಗುವ ಛತ್ರಕ್ಕೆ ಕ್ಯಾರವಾನ್‌ಸರಾಯ್ ಎನ್ನುತ್ತಾರೆ. ಮುಖಪುಟದಲ್ಲೂ ದೊಡ್ಡ ಸೂರ್ಯನ ಕೆಳಗೆ ಒಂಟೆಗಳ ಸಾಲಿದೆ, ಒಳಪುಟದಲ್ಲಿ ಪರಮಹಂಸ ಯೋಗಾನಂದರ ಮಾತುಗಳಿವೆ. ಆಲ್ಬಮ್ ಶುರುವಾಗುವುದು ಜೀರುಂಡೆಗಳಿಂದ. ನಿಜವಾದ ಜೀರುಂಡೆಗಳ ಸದ್ದು. ಹಾಸ್ಟೆಲಿನ ಕಿಟಕಿಯ ಹೊರಗೆ ಮಳೆಮರಗಳಿದ್ದವು, ಹಾಗಾಗಿ ಮೊದಲ ಸಲ ಟೇಪ್ ಇನ್ನೂ ಶುರುವಾಗಿಲ್ಲ ಎಂದೇ ಕಾದಿದ್ದೆವು. ಆ ಜೀರುಂಡೆಗಳ ಒಳಗಿನಿಂದ ಹ್ಯಾಡ್ಲಿ ಕ್ಯಾಲಿಮನ್ ಅವರ ಸ್ಯಾಕ್ಸೊಫೋನ್ ಏಳುತ್ತದೆ, ಇನ್ನೂ ಪೂರ್ತಿ ಎಚ್ಚರವಾಗದ ಪ್ರಾಣಿಯ ದನಿಯ ಹಾಗೆ. ಬಾಸ್ ಒಂದೆರಡು ಸ್ವರ ಇಡುತ್ತದೆ. ಗಿಟಾರಿಗೆ ಅವಸರವೇ ಇಲ್ಲ. ‘ಅಬ್ರಾಕ್ಸಸ್’ನಲ್ಲಿ ಪೆಟ್ಟು ಪೆಟ್ಟಿನ ನಡುವೆ ಇದ್ದ ಖಾಲಿ ಇಲ್ಲಿ ಹರಡಿಕೊಂಡು ಇಡೀ ಬಯಲಾಗಿದೆ. ಮುಂದೆ ಬ್ರೆಜಿಲ್‌ನ ಆಂಟೋನಿಯೊ ಕಾರ್ಲೊಸ್ ಜೊಬಿಮ್ ಅವರ ರಚನೆಯೊಂದು ಬರುತ್ತದೆ, ಕ್ಯೂಬಾದ ಹಿರಿಯ ವಾದಕ ಅರ್ಮಾಂಡೊ ಪೆರಾಸಾ ಅವರ ಬೊಂಗೊ ಬರುತ್ತದೆ. ‘ಸಾಂಗ್ ಆಫ್ ದಿ ವಿಂಡ್’ನಲ್ಲಿ ಆರು ನಿಮಿಷ ಮಾತಿಲ್ಲದ ಗಿಟಾರ್ ಹಾಡಿದ್ದನ್ನು ಕೇಳಿದರೆ ಮಾತಿನ ಅಗತ್ಯವೇ ತೋರುವುದಿಲ್ಲ. ಎರಡರಲ್ಲಿ ಒಂದನ್ನೇ ಆರಿಸಿಕೊ ಎಂದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ.

ಅದರ ಮುಂದಿನ ಹೆಜ್ಜೆ ನನಗೆ ಅಷ್ಟು ಒಗ್ಗಲಿಲ್ಲ. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಬಂಗಾಳಿ ಗುರು ಶ್ರೀ ಚಿನ್ಮಯ್ ಅವರ ಶಿಷ್ಯರಾಗಿ ಸಂಟಾನಾ ‘ದೇವದೀಪ’ ಎಂಬ ಹೆಸರು ಪಡೆದರು. ಅದೇ ಗುರುವಿನ ಇನ್ನೊಬ್ಬ ಶಿಷ್ಯ, ಇಂಗ್ಲೆಂಡಿನ ಗಿಟಾರ್ ವಾದಕ ‘ಮಹಾವಿಷ್ಣು’ ಜಾನ್ ಮೆಕ್ಲಾಲಿನ್ ಜೊತೆ 1973ರಲ್ಲಿ ‘ಲವ್ ಡಿವೋಶನ್ ಸರೆಂಡರ್’ ತಂದರು. ಕೋಲ್ಟ್ರೇನ್ ಅವರ ಮಹಾರಚನೆಯಿಂದಲೇ ಅದು ಆರಂಭ. ಇಬ್ಬರ ಭಕ್ತಿಯಲ್ಲೂ ನನಗೆ ಸಂದೇಹವಿಲ್ಲ. ಆದರೆ ಎರಡು ಗಿಟಾರುಗಳು ಒಂದರ ಬೆನ್ನಿಗೊಂದು ಸ್ವರಗಳ ಮಳೆ ಸುರಿಸುತ್ತವೆ, ಎಲ್ಲಿಯೂ ಕಾರ್ವೆ ಇಲ್ಲ, ಮೇಷ್ಟ್ರು ಬೈಯುತ್ತಿದ್ದ ನನ್ನ ಮೃದಂಗದ ಹಾಗೆ ಎಲ್ಲ ಜಾಗವೂ ತುಂಬಿಹೋಗಿದೆ. ನಡುವೆ ‘ನಾಯಿಮಾ’ ಎಂಬ ಮೂರು ನಿಮಿಷದ ರಚನೆಯನ್ನು ವಿದ್ಯುತ್ತಿಲ್ಲದ ಗಿಟಾರುಗಳಲ್ಲಿ ನುಡಿಸಿದ್ದಾರೆ. ಅಲ್ಲಿ ಮಾತ್ರ ಇಬ್ಬರೂ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಿದ್ದಾರೆ. ಮೆಕ್ಲಾಲಿನ್ ಮುಂದೆ ‘ಶಕ್ತಿ’ ತಂಡದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ನಡುವೆ ಕೂತಾಗ ಆ ಕೇಳಿಸಿಕೊಳ್ಳುವಿಕೆ ಇಡೀ ಕಚೇರಿಯ ನಡೆಯಾಯಿತು.

ಇದೇ ದಾರಿ ಹಿಡಿದು ಹೋದವನು ಕೊನೆಗೆ ಬೆಂಗಳೂರಿಗೇ ಬಂದು ಮುಟ್ಟಿದೆ. 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆ ‘ಜ್ಯೋತಿ’ ಎಂಬ ಆಲ್ಬಮ್ ತಂದಿತು. ಒಂದು ಕಡೆ ಬಾಸ್ಟನ್ ಮೂಲದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ, ಇನ್ನೊಂದು ಕಡೆ ಬೆಂಗಳೂರಿನ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಆರ್.ಎ. ರಮಾಮಣಿ ಅವರ ಗಾಯನ, ಮೃದಂಗ, ಘಟ, ಖಂಜಿರ, ಸೊಲ್ಲುಗಳನ್ನು ಬಾಯಲ್ಲೇ ಹೇಳುವ ಕೊನ್ನಕ್ಕೋಲು. ರಾಕ್ ಇಲ್ಲ, ಲ್ಯಾಟಿನ್ ಇಲ್ಲ, ಗದ್ದಲವಿಲ್ಲ. ರಮಾಮಣಿಯವರು ಆಲಾಪದ ಒಂದು ಸಾಲನ್ನು ಮುಗಿಸದೆ ಹಾಗೇ ಬಿಡುತ್ತಾರೆ, ಮಾರಿಯಾನೊ ಅದನ್ನು ಕೂಡಲೇ ಎತ್ತಿಕೊಳ್ಳುವುದಿಲ್ಲ. ನಾನು ಓದುತ್ತಿದ್ದ ಊರಿನಲ್ಲೇ, ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಇಂಥವರ ತಂಡವೊಂದು ಇತ್ತು ಎಂದು ತಿಳಿದಾಗ ಎಷ್ಟು ಹೆಮ್ಮೆಯಾಯಿತೋ ಅಷ್ಟೇ ನೋವೂ ಆಯಿತು. ನಮ್ಮಲ್ಲಿ ಯಾರೂ ಅದರ ಹೆಸರೆತ್ತಿದ್ದನ್ನು ನಾನು ಕೇಳಿರಲಿಲ್ಲ.

‘ಕ್ಯಾರವಾನ್‌ಸರಾಯ್’ ಕೊನೆಯ ಆರು ನಿಮಿಷ ನನಗೆ ಸಿಕ್ಕಿದ್ದು 2002ರಲ್ಲಿ, ಸಿ.ಡಿ. ಕೊಂಡಾಗ. ಅದನ್ನು ಬೆಂಗಳೂರಿನಲ್ಲಿ ಕೇಳದೆ ಹಾಗೇ ಇಟ್ಟುಕೊಂಡು ಊರಿಗೆ ತಂದೆ. ರಾತ್ರಿ ಊಟವಾದ ಮೇಲೆ, ಮಳೆ ಬಿಟ್ಟಿದ್ದಾಗ, ಜಗಲಿಯ ಬಾಗಿಲು ತೆರೆದಿಟ್ಟುಕೊಂಡು ಹಾಕಿದೆ. ಅಮ್ಮ ಒಳಗೆ ಹೂ ಕಟ್ಟುತ್ತ ಕೂತಿದ್ದಳು. ಕೊನೆಯ ರಚನೆ ಶ್ರೀವ್ ಬರೆದದ್ದು, ‘ಎವ್ರಿ ಸ್ಟೆಪ್ ಆಫ್ ದಿ ವೇ’. ಕತ್ತಲಲ್ಲಿ ಯಾರೋ ಹೆಜ್ಜೆಯಿಟ್ಟು ಸಮೀಪಿಸುತ್ತಿರುವಂತೆ ಮೊದಲ ಮೂರು ನಿಮಿಷ. ಟೇಪ್ ನಿಲ್ಲುತ್ತಿದ್ದ ಜಾಗ ಬಂತು. ನನ್ನ ಬೆರಳು ತಾನಾಗಿ ಗುಂಡಿಯ ಸದ್ದಿಗೆ ಕಾಯಿತು, ಆ ಸದ್ದು ಬರಲಿಲ್ಲ. ಅದರ ಬದಲು ತಾಳವಾದ್ಯಗಳೆಲ್ಲ ಒಟ್ಟಿಗೇ ನುಗ್ಗಿದವು, ಕೊಳಲು ಹಾರಿತು, ಟಾಮ್ ಹ್ಯಾರೆಲ್ ಜೋಡಿಸಿದ ವಾದ್ಯವೃಂದ ಹಿಂದಿನಿಂದ ಅಲೆಯ ಹಾಗೆ ಎದ್ದು ಗಿಟಾರನ್ನು ಎತ್ತಿಕೊಂಡು ಹೋಯಿತು. ಎಂಟು ವರ್ಷ ಮನಸ್ಸಿನಲ್ಲೇ ಎಷ್ಟೋ ಬಗೆಯ ಕೊನೆ ಕಟ್ಟಿಕೊಂಡಿದ್ದೆ. ಒಂದೂ ಇದಕ್ಕೆ ಹತ್ತಿರವಿರಲಿಲ್ಲ.

ಮುಗಿದ ಮೇಲೂ ಏಳಲಾಗದೆ ಕೂತಿದ್ದೆ. ಹೊರಗೆ ತೋಟದಲ್ಲಿ ಜೀರುಂಡೆಗಳು.

“ಮತ್ತೆ ಮೊದಲಿನಿಂದ ಹಾಕಿದೆಯೇನೋ?” ಎಂದಳು ಅಮ್ಮ ಒಳಗಿನಿಂದ.